ಧುಪದಾಳದ ಹೂಳು ಮತ್ತು ನಮ್ಮ ಮಡ್ಡಿಗಳು



ನದಿಯ ಕೊಳ್ಳ, ಕಾಡಿನ ನಾಶ ಎಂದ ಕೂಡಲೇ ಮಾತು ಪಶ್ಚಿಮಘಟ್ಟದ ಕಡೆ ಓಡುತ್ತದೆ. ನಾನೂ ಅಲ್ಲಿಗೆ ಹೋಗುವವನೇ. ಆದರೆ ಮೊದಲು ಘಟಪ್ರಭೆಗೆ ಧುಪದಾಳದಲ್ಲಿ ಕಟ್ಟಿದ ಒಡ್ಡಿನ ಹಿಂದೆ ಕೂತಿರುವ ಹೂಳಿನ ಬಗ್ಗೆ ನಿಮ್ಮೊಂದಿಗೆ ಮಾತಾಡಬೇಕು. ಆ ಹೂಳು ಎಲ್ಲಿಂದ ಬಂತು ಎಂಬ ಒಂದೇ ಪ್ರಶ್ನೆಯನ್ನು ಬೆನ್ನು ಹತ್ತಿ ಹೋದರೆ, ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲ್ಲೂಕುಗಳಲ್ಲಿ ನೆಲ ಹೇಗೆ ಬದಲಾಯಿತು ಎಂಬುದು ತಾನಾಗಿ ತಿಳಿಯುತ್ತದೆ.

1876–78ರ ದೊಡ್ಡ ಬರ ಈ ಸೀಮೆಯನ್ನು ಹಿಂಡಿ ಹಾಕಿತ್ತು. ಅದರ ನಂತರ ಮುಂಬೈ ಸರ್ಕಾರ ಘಟಪ್ರಭೆಗೆ ಇಲ್ಲಿ ಅಡ್ಡಗಟ್ಟೆ ಕಟ್ಟಲು ಮುಂದಾಯಿತು. 1897ರ ಹೊತ್ತಿಗೆ ಒಡ್ಡು, ಕಾಲುವೆ ಎರಡೂ ಸಿದ್ಧವಾದವು. ಘಟಪ್ರಭಾ ಯೋಜನೆಯ ಮೊದಲ ಹಂತವೆಂದು ಇಂದು ಕರೆಯುವ ಎಡದಂಡೆ ಕಾಲುವೆಯ ಉದ್ದ 71 ಕಿ.ಮೀ., ಅದರ ನೀರಿನ ಗುರಿ ಸುಮಾರು 42,500 ಹೆಕ್ಟೇರ್. ಮಳೆ ಕೈಕೊಟ್ಟ ವರ್ಷದಲ್ಲೂ ಜೋಳ, ಗೋಧಿ, ಕಡಲೆ ಒಣಗದಂತೆ ಕಾಯುವುದು ಆಗಿನ ಉದ್ದೇಶವಾಗಿತ್ತು. ಕೆಳಗೆ ನದಿ 52 ಮೀಟರ್ ಧುಮುಕುವಲ್ಲಿ 1885ರಲ್ಲಿ ಶುರುವಾದ ಗೋಕಾಕ ಮಿಲ್ಲು ನದಿಯ ಇಳಿತವನ್ನೇ ನಂಬಿ ಬೆಳೆಯಿತು. 1887ರಲ್ಲೇ ಅಲ್ಲಿ ವಿದ್ಯುತ್ ಹುಟ್ಟಿತು. ಒಂದೇ ನೀರಿನ ಮೇಲೆ ಹೊಲವೂ ಗಿರಣಿಯೂ ನಿಂತ ಊರು ನಮ್ಮದು.

ಆಗ ಕಟ್ಟಿದವರಿಗೆ ನೀರಿನ ಲೆಕ್ಕ ಗೊತ್ತಿತ್ತು. ನೀರಿನ ಜೊತೆ ಬರುವ ಮಣ್ಣು ಮಾತ್ರ ವರ್ಷವರ್ಷವೂ ಒಡ್ಡಿನ ಹಿಂದೆ ನಿಲ್ಲುತ್ತ ಹೋಯಿತು. ಹಿನ್ನೀರು ಆಳ ಕಳೆದುಕೊಂಡು ಅಗಲವಾಯಿತು, ನಡುವೆ ನಡುಗಡ್ಡೆಗಳೆದ್ದವು. ಆ ತೆಳುನೀರು, ಕೆಸರು, ಜೊಂಡು ಹಕ್ಕಿಗಳಿಗೆ ಒಗ್ಗಿದವು. 1974ರಲ್ಲಿ ಇಲ್ಲಿ 29.78 ಚದರ ಕಿ.ಮೀ. ಪ್ರದೇಶವನ್ನು ಘಟಪ್ರಭಾ ಪಕ್ಷಿಧಾಮವೆಂದು ಘೋಷಿಸಿದರು. ಚಳಿಗಾಲದಲ್ಲಿ ಯುರೋಪಿನ ಬಿಳಿ ಕೊಕ್ಕರೆ, ಮಧ್ಯ ಏಷ್ಯಾದ ಕಡೆಯಿಂದ ಡೆಮಾಯ್ಸೆಲ್ ಕ್ರೌಂಚಗಳು ಈ ನೀರಿಗೆ ಇಳಿಯುತ್ತವೆ. ಹಕ್ಕಿ ಬಂದದ್ದು ನಮ್ಮ ಭಾಗ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವು ಕಾಲೂರಿ ನಿಲ್ಲುವ ಆ ಮಣ್ಣು ಯಾರದೋ ಹೊಲದ ಮೇಲ್ಮಣ್ಣು, ಯಾವುದೋ ಗುಡ್ಡದ ಮೈ. ಅದು ಮರಳಿ ಹೊಲಕ್ಕೆ ಹೋಗುವುದಿಲ್ಲ.

ಕೊಳ್ಳದ ನಕ್ಷೆಯನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಘಟಪ್ರಭೆ ಸಹ್ಯಾದ್ರಿಯಲ್ಲಿ ಸುಮಾರು 884 ಮೀಟರ್ ಎತ್ತರದಲ್ಲಿ ಹುಟ್ಟಿ, 283 ಕಿ.ಮೀ. ಹರಿದು ಬಾಗಲಕೋಟೆ ಜಿಲ್ಲೆಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ಅದರ ಕೊಳ್ಳದ ವಿಸ್ತೀರ್ಣ 8,829 ಚದರ ಕಿ.ಮೀ.; ತಲೆ ಮಹಾರಾಷ್ಟ್ರದ ಚಂದಗಡದಲ್ಲಿ, ಮೈ ನಮ್ಮಲ್ಲಿ. ಹಿರಣ್ಯಕೇಶಿ ಅಂಬೋಲಿಯಲ್ಲಿ ಹುಟ್ಟಿ ಆಜರಾ, ಗಡಹಿಂಗ್ಲಜ, ಸಂಕೇಶ್ವರ ಹಾದು ಧುಪದಾಳಕ್ಕಿಂತ ಮೇಲೆ ಘಟಪ್ರಭೆಯನ್ನು ಕೂಡುತ್ತದೆ. ಬೆಳಗಾವಿ ಕಡೆಯ ಮಾರ್ಕಂಡೇಯ ಗೊಡಚಿನಮಲ್ಕಿಯಲ್ಲಿ ಧುಮುಕಿ ಗೋಕಾಕದ ಹತ್ತಿರ ಸೇರುತ್ತದೆ. ಅಂಬೋಲಿಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ, ಗೋಕಾಕದಲ್ಲಿ 600 ಮಿ.ಮೀ. ಕೂಡ ಕಷ್ಟ. ನಮ್ಮ ತಲೆಯ ಮೇಲೆ ಮೋಡವಿಲ್ಲದ ದಿನವೂ ಲೋಳಸೂರ ಸೇತುವೆ ಮುಳುಗುವುದು ಇದಕ್ಕೇ.

ಈಗ ಮತ್ತೆ ಹೂಳಿನ ಪ್ರಶ್ನೆ. 1970ರ ದಶಕದಲ್ಲಿ ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ಆಣೆಕಟ್ಟು ಎದ್ದಿತು. ವಂಟಮುರಿಯ ರಾಜಾ ಲಖಮಗೌಡರ ಹೆಸರಿನ ಆ ಜಲಾಶಯದ ಪೂರ್ಣ ಮಟ್ಟ 2,175 ಅಡಿ, ಹಿಡಿಯುವ ನೀರು ಸುಮಾರು 51 ಟಿಎಂಸಿ. ಚಂದಗಡದ ಬೆಟ್ಟಗಳಿಂದ ಘಟಪ್ರಭೆ ಹೊತ್ತು ತರುವ ಮಣ್ಣಿನ ಬಹುಭಾಗ ಅಂದಿನಿಂದ ಆ ವಿಶಾಲ ನಿಂತ ನೀರಿನಲ್ಲೇ ತಳ ಸೇರುತ್ತದೆ. ಹಾಗಿದ್ದರೆ ಹಿಡಕಲ್ ಆದಮೇಲೆ ಧುಪದಾಳಕ್ಕೆ ಮಣ್ಣು ಕೊಡುತ್ತಿರುವವರು ಯಾರು? ಹಿಡಕಲ್‌ನಂಥ ದೊಡ್ಡ ಆಣೆಕಟ್ಟಿಲ್ಲದ ಹಿರಣ್ಯಕೇಶಿ ಒಂದು. ಇನ್ನೊಂದು, ಹಿಡಕಲ್‌ನಿಂದ ಇಲ್ಲಿಯವರೆಗೆ ಎರಡೂ ದಂಡೆಯ ಹಳ್ಳಗಳು. ಎಂದರೆ ನಮ್ಮದೇ ಗುಡ್ಡ, ನಮ್ಮದೇ ಹೊಲ, ನಮ್ಮದೇ ನದಿದಂಡೆ. ಘಟ್ಟದ ಕಾಡು ಕಡಿದವರನ್ನು ಬೈದು ಮನೆಗೆ ಹೋಗುವಂತಿಲ್ಲ ಎಂಬುದಕ್ಕೆ ಈ ಒಂದು ಲೆಕ್ಕ ಸಾಕು.

ಘಟ್ಟದ ಮಾತನ್ನು ಬಿಡುವಂತೆಯೂ ಇಲ್ಲ. ಅಂಬೋಲಿಯ ಹಿರಣ್ಯಕೇಶಿ ದೇವಾಲಯದ ಹೊಂಡದಲ್ಲಿ ಒಂದು ಪುಟ್ಟ ಮೀನು ಸಿಕ್ಕಿತು. 2020ರಲ್ಲಿ ವಿಜ್ಞಾನಿಗಳು ಅದು ಹೊಸ ಪ್ರಭೇದವೆಂದು ಕಂಡುಕೊಂಡು, ನದಿಯ ಹೆಸರಿನಿಂದಲೇ ಶಿಸ್ಟುರಾ ಹಿರಣ್ಯಕೇಶಿ ಎಂದು ಕರೆದರು. ಮರುವರ್ಷ ಮಹಾರಾಷ್ಟ್ರ ಸರ್ಕಾರ ಆ ತಾಣದ 2.11 ಹೆಕ್ಟೇರನ್ನು ಜೀವವೈವಿಧ್ಯ ಪಾರಂಪರಿಕ ತಾಣವಾಗಿ ಘೋಷಿಸಿತು. ಸಂಕೇಶ್ವರದ ರೈತ ಪಂಪು ಹಚ್ಚಿ ಎತ್ತುವ ನೀರಿನ ಮೂಲದಲ್ಲಿ ಜಗತ್ತಿನ ಬೇರೆಲ್ಲೂ ಕಾಣದ ಜೀವಿಯೊಂದು ಈಜುತ್ತಿದೆ ಎಂದು ನಮ್ಮ ಶಾಲೆಯ ಮಕ್ಕಳಿಗೆ ಹೇಳಬೇಕು. ಮೂಲದ ಎರಡು ಹೆಕ್ಟೇರಿಗೆ ರಕ್ಷಣೆ ಸಿಕ್ಕಿತು. ಅದರ ಕೆಳಗಿನ ಇಳಿಜಾರುಗಳಲ್ಲಿ ಗೇರು ತೋಟ, ಕಬ್ಬು, ರೆಸಾರ್ಟು, ರಸ್ತೆ ಬೆಳೆಯುತ್ತಲೇ ಇವೆ. ಚಂದಗಡದ ಜಂಬಿಟ್ಟಿಗೆ ನೆತ್ತಿಗಳಿಂದ ಬಾಕ್ಸೈಟ್ ಅಗೆದು ಬೆಳಗಾವಿಯ ಅಲ್ಯುಮಿನಾ ಕಾರ್ಖಾನೆಗೆ ಸಾಗಿಸಿದ್ದಾರೆ. ಆ ನೆತ್ತಿಗಳು ಮಳೆಯನ್ನು ಹೀರಿಕೊಂಡು ತಿಂಗಳುಗಟ್ಟಲೆ ಒಸರುವ ಜಾಗಗಳು. 2002ರ ಆಸುಪಾಸಿನಿಂದ ದಾಂಡೇಲಿ, ಖಾನಾಪುರದ ಕಡೆಯ ಆನೆಗಳು ಚಂದಗಡ, ಆಜರಾದ ಹೊಲಗಳಿಗೆ ಇಳಿಯಲು ಶುರುಮಾಡಿದವು. ಕಾಡಿನ ನೆಂಟಸ್ತಿಕೆ ಎಲ್ಲಿ ಕಡಿದಿದೆ ಎಂದು ಅವು ನಡೆದೇ ತೋರಿಸಿದವು.

ಕಾಡಿಗೂ ಹೊಳೆಗೂ ಇರುವ ಸಂಬಂಧವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಉತ್ತರ ಕನ್ನಡದ ಕಡೆಯ ನದಿ ಕೊಳ್ಳಗಳಲ್ಲಿ ವರ್ಷಗಟ್ಟಲೆ ಅಳೆದಿದ್ದಾರೆ. ಜಲಾನಯನದ ನೂರರಲ್ಲಿ 60 ಭಾಗಕ್ಕೂ ಹೆಚ್ಚು ಅಲ್ಲಿಯದೇ ಜಾತಿಯ ಮರಗಳ ಕಾಡಿದ್ದರೆ ಹೊಳೆ ವರ್ಷವಿಡೀ ಹರಿಯುತ್ತದೆ. ಕಾಡು ತೀರ ಕಡಿಮೆಯಾದಲ್ಲಿ ಮಳೆಗಾಲದ ಜೊತೆಗೇ ಹೊಳೆಯೂ ಮುಗಿಯುತ್ತದೆ. ಇದು ಅವರು ಕಂಡ ಸತ್ಯ. 2011ರ ಮಾಧವ ಗಾಡ್ಗೀಳ್ ಸಮಿತಿ ಘಟ್ಟವನ್ನು ಕಾಯುವ ದಾರಿ ಹೇಳಿತು, 2013ರಲ್ಲಿ ಕಸ್ತೂರಿರಂಗನ್ ಸಮಿತಿ ಅದನ್ನು ಸಡಿಲಿಸಿತು. ಆರು ರಾಜ್ಯಗಳ 56,825 ಚದರ ಕಿ.ಮೀ.ಗೆ ಸಂಬಂಧಿಸಿದ ಕರಡು ಅಧಿಸೂಚನೆಯನ್ನು ಕೇಂದ್ರ 2024ರ ಜುಲೈನಲ್ಲಿ ಆರನೆಯ ಸಲ ಹೊರಡಿಸಿತು. ಕರಡಿನ ಮೇಲೆ ಕರಡು ಬರುತ್ತಿರುವಾಗ ಬೆಟ್ಟ ಕಾಯುತ್ತ ಕೂರುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು. 2019ರ ಆಗಸ್ಟಿನ ಮಹಾಪೂರವನ್ನು ನಾವೆಲ್ಲ ಉಂಡಿದ್ದೇವೆ. ಹಿಡಕಲ್ ಬಿಟ್ಟ ನೀರು, ಹಿರಣ್ಯಕೇಶಿ, ಮಾರ್ಕಂಡೇಯ ಮೂರೂ ಒಂದೇ ಹೊತ್ತಿಗೆ ಬಂದು ಗೋಕಾಕದ ಓಣಿಗಳಲ್ಲಿ ನಿಂತವು. 2021ರ, 2024ರ ಮಳೆಗಾಲದಲ್ಲೂ ಲೋಳಸೂರ ಸೇತುವೆ ಮುಳುಗಿತು. ಕಾಡಿದ್ದರೆ 2019 ಆಗುತ್ತಲೇ ಇರಲಿಲ್ಲ ಎಂದು ಹೇಳುವವರಿದ್ದಾರೆ. ಅದು ಪೂರ್ತಿ ಸರಿಯಲ್ಲ. ಅಂಥ ಮಳೆ ವಾರಗಟ್ಟಲೆ ಹೊಡೆದಾಗ ಎಂಥ ಕಾಡಿನ ನೆಲವೂ ತುಂಬಿ ತುಳುಕುತ್ತದೆ. ಕಾಡು ತಡೆಯುವುದು ಪ್ರತಿ ವರ್ಷದ ಸಣ್ಣ, ನಡುತರದ ಹೊಳೆಗಳ ಉಬ್ಬರವನ್ನು, ಮಣ್ಣು ಕಳಚುವುದನ್ನು, ದಂಡೆ ಕುಸಿಯುವುದನ್ನು. ಹೂಳು ತುಂಬಿ ಪಾತ್ರ ಮೇಲೆದ್ದ ನದಿಗೆ ದೊಡ್ಡ ಪೂರ ಬಂದಾಗ ಅದೇ ನೀರು ಮತ್ತಷ್ಟು ಎತ್ತರ ಏರುತ್ತದೆ. ಕಾಡು ಹೋದ ಪರಿಣಾಮ ಪೂರದ ದಿನಕ್ಕಿಂತ ಅದಕ್ಕೂ ಮುಂಚಿನ ನಲವತ್ತು ವರ್ಷಗಳಲ್ಲಿ ಕೂಡಿಬಂದಿರುತ್ತದೆ.

ಇನ್ನು ನನ್ನ ಮಾತಿನ ನಡುಮನೆಗೆ ಬರುತ್ತೇನೆ: ನಮ್ಮ ಮಡ್ಡಿ, ಎಂದರೆ ಕುರುಚಲಿನ ಕಲ್ಲುಗುಡ್ಡ.

ಹುಕ್ಕೇರಿಯ ಪೂರ್ವಭಾಗದಿಂದ ಗೋಕಾಕದ ಕಡೆ ಬರುತ್ತ ಕಪ್ಪು ಬಸಾಲ್ಟ್ ಕಲ್ಲಿನ ಸೀಮೆ ಮುಗಿದು ಕಲಾದಗಿ ಮರಳುಗಲ್ಲು ಶುರುವಾಗುತ್ತದೆ. ಜಲಪಾತದ ಬಳಿ ಗೋಡೆಯಂತೆ ನಿಂತ ಪದರು ಪದರಿನ ಬಂಡೆ ಅದೇ. ಈ ಗುಡ್ಡಗಳ ಮೇಲೆ ಮಣ್ಣು ಒಂದು ಗೇಣು ಇದ್ದರೆ ಹೆಚ್ಚು. ಅಂಥ ನೆಲದ ಕಾಡು ಸಾಗವಾನಿಯ ಕಾಡಲ್ಲ. ತುಗ್ಗಲಿ, ದಿಂಡಲು, ಮಶಿವಾಳ, ಜಾಲಿ, ಬನ್ನಿ, ಕವಳಿ, ಕಾರಿಮುಳ್ಳು, ಸೀತಾಫಲ, ನಡುವೆಲ್ಲ ಹುಲ್ಲು. ಎದೆಮಟ್ಟ ಬೆಳೆದ ಮುಳ್ಳುಗಂಟಿ. ನೋಡಿದವರಿಗೆ ಬರಡು ಅನ್ನಿಸುತ್ತದೆ. ಆದರೆ ಆ ಗೇಣು ಮಣ್ಣನ್ನು ಬಂಡೆಯ ಮೇಲೆ ಹಿಡಿದು ಕೂರಿಸಿದ್ದು ಆ ಹುಲ್ಲಿನ ಬೇರು. ಮಳೆ ನೀರನ್ನು ಬಂಡೆಯ ಬಿರುಕುಗಳಿಗೆ ಇಳಿಸಿ ಕೆಳಗಿನ ಊರುಗಳ ಬಾವಿಗಳಿಗೆ ತಲುಪಿಸಿದ್ದೂ ಅದೇ. ಒಮ್ಮೆ ಮಣ್ಣು ಕಿತ್ತುಹೋದರೆ ಮೊಮ್ಮಕ್ಕಳ ಕಾಲಕ್ಕೂ ಅದು ಮರಳಿ ಕೂಡುವುದಿಲ್ಲ.

ಈ ಕಾಡು ನಮ್ಮ ಕಣ್ಣೆದುರಿಗೇ ಕರಗಿತು, ಮತ್ತು ಕಾಡು ಹೋಯಿತು ಎಂದು ಯಾವ ಲೆಕ್ಕದಲ್ಲೂ ಬರಲಿಲ್ಲ. ಭಾರತೀಯ ಅರಣ್ಯ ಸಮೀಕ್ಷೆ ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ ಜಾಗದಲ್ಲಿ ನೂರಕ್ಕೆ 10 ಭಾಗ ಮರದ ನೆರಳಿದ್ದರೆ ಅದನ್ನು ಅರಣ್ಯ ಹೊದಿಕೆ ಎಂದು ಎಣಿಸುತ್ತದೆ. ಮರ ಯಾವುದು, ನೆಲ ಯಾರದು ಎಂದು ನೋಡುವುದಿಲ್ಲ. ಮಾವಿನ ತೋಪೂ, ನೀಲಗಿರಿ ನೆಡುತೋಪೂ ಆ ಲೆಕ್ಕಕ್ಕೆ ಬರುತ್ತವೆ. ನಮ್ಮ ಮಡ್ಡಿ ಆ 10 ಭಾಗದ ಕೆಳಗೆ ಬಿದ್ದು ಕುರುಚಲು ಎಂಬ ಬೇರೆ ಸಾಲಿಗೆ ಹೋಗುತ್ತದೆ. ಕೇಂದ್ರ ಸರ್ಕಾರದ ಬಂಜರು ಭೂಮಿ ನಕಾಶೆಯಲ್ಲಂತೂ ಕುರುಚಲು ನೆಲಕ್ಕೆ ಬಂಜರಿನ ಪಟ್ಟಿಯಲ್ಲೇ ಜಾಗ. ಬಂಜರು ಎಂದು ಬರೆದ ಮೇಲೆ ಅದನ್ನು ಯಾವುದಕ್ಕೆ ಕೊಟ್ಟರೂ ನಷ್ಟವಾಯಿತೆಂದು ಯಾರೂ ಕೇಳುವುದಿಲ್ಲ. 2022ರಲ್ಲಿ ರಾಜ್ಯ ಸರ್ಕಾರ ಪರಿಭಾವಿತ (ಡೀಮ್ಡ್) ಅರಣ್ಯವನ್ನು ಸುಮಾರು 9.94 ಲಕ್ಷ ಹೆಕ್ಟೇರಿನಿಂದ 3.30 ಲಕ್ಷ ಹೆಕ್ಟೇರಿಗೆ ಇಳಿಸಿತು. ಅದರಲ್ಲಿ ಜನವಸತಿ, ಸಾಗುವಳಿ ಇದ್ದ ಜಾಗಗಳೂ ಇದ್ದವು, ನಿಜ. ಆದರೆ ಒಣಸೀಮೆಯ ಕುರುಚಲನ್ನು ಕಾಡೆಂದು ನೋಡುವ ಕಣ್ಣು ಸರ್ಕಾರಕ್ಕೆ ಇನ್ನೂ ಬಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಗೋಮಾಳದ ಕಥೆ ಇನ್ನೊಂದು. ಭೂಮಿಯಿಲ್ಲದವನು ಗುಡ್ಡದ ಬುಡದಲ್ಲಿ ಎರಡು ಎಕರೆ ಹಸನು ಮಾಡಿ ಬಗರ್ ಹುಕುಂ ಅರ್ಜಿ ಹಾಕಿದರೆ ನಾನು ಅವನ ಪರ. ನಮೂನೆ 50, 53, 57 ಎಂದು ಕಚೇರಿ ಅಲೆದು ಸವೆದ ಬಡವರು ಈ ಸಭೆಯಲ್ಲೂ ಇರಬಹುದು. ಹೊಟ್ಟೆಪಾಡಿನ ಆ ಒತ್ತುವರಿಯ ನೆರಳಿನಲ್ಲಿ ಬೇರೆ ಒತ್ತುವರಿ ನಡೆಯಿತು. ನದಿಯಿಂದ ಪೈಪ್‌ಲೈನ್ ಎಳೆದು ಮಡ್ಡಿಗೆ ನೀರೇರಿಸುವ ಶಕ್ತಿಯುಳ್ಳವರು ಜೆಸಿಬಿ ಇಳಿಸಿ ಗಂಟಿ ಕಿತ್ತು, ಕಲ್ಲು ಬಳಿದು, ಹೊರಗಿನಿಂದ ಮಣ್ಣು ತಂದು ಹೊದಿಸಿ ಕಬ್ಬು ನಾಟಿದರು. ಮೊದಲ ಜೋರು ಮಳೆಗೆ ಆ ಹೊಸ ಮಣ್ಣು ಹಳ್ಳದ ದಾರಿ ಹಿಡಿಯುತ್ತದೆ, ಹಳ್ಳ ಹೊಳೆಗೆ, ಹೊಳೆ ಧುಪದಾಳಕ್ಕೆ. ಉಳಿದ ಕಡೆ ಕಲ್ಲಿನ ಕ್ವಾರಿ, ಮುರುಮಿನ ಗುಂಡಿ.

ಇದರ ಪೆಟ್ಟು ಮೊದಲು ಬಿದ್ದದ್ದು ಕುರಿಗಾಹಿಗಳ ಮೇಲೆ. ಮೂಡಲಗಿ ಕಡೆಯ ಹಿರಿಯ ಕುರುಬರೊಬ್ಬರು ನನಗೆ ಹೇಳಿದ ಮಾತು ಇದು: “ಸರ, ಮೊದಲ ಮಳಿ ಆತಂದ್ರ ಮಡ್ಡಿ ಮ್ಯಾಲ ಹುಲ್ಲು ಮೊಳಕಾಲ ಮಟ ಬರ್ತಿತ್ತು. ಈಗ ಎಲ್ಲಾ ಕಡೆ ಕಬ್ಬು, ತಂತಿ ಬೇಲಿ. ಕುರಿ ಹೊಡಕೊಂಡು ರೋಡಿನ ಬಾಜೂನ ತಿರಗೂದ ಆಗೇತಿ.” ಮಡ್ಡಿಯನ್ನು ಮೇಯಿಸಿ ಕೆಡಿಸಿದವರು ಕುರುಬರು ಎಂದು ಬರೆಯುವವರು ಇದನ್ನು ಗಮನಿಸಬೇಕು. ಮೇವಿನ ಜಾಗ ಹತ್ತರಲ್ಲಿ ಎರಡಕ್ಕೆ ಇಳಿದರೆ ಉಳಿದ ಎರಡರ ಮೇಲೆ ಗೊರಸಿನ ಭಾರ ಐದು ಪಟ್ಟಾಗುತ್ತದೆ. ಅದು ಕುರಿಯ ತಪ್ಪಲ್ಲ.

2019ರ ಅಕ್ಟೋಬರಿನಲ್ಲಿ ಗೋಕಾಕದ ಮಲ್ಲಿಕಾರ್ಜುನ ಗುಡ್ಡದ ಮೇಲೆ ದೊಡ್ಡ ಬಂಡೆಗಳು ಬುಡ ಸಡಿಲಗೊಂಡು ಊರಿನ ಮೇಲೆ ಉರುಳುವ ಭಯ ಹುಟ್ಟಿಸಿದವು. ಕೆಳಗಿನ ಓಣಿಯವರು ಮನೆ ಬಿಟ್ಟು ಹೋಗಬೇಕಾಯಿತು, ಎನ್‌ಡಿಆರ್‌ಎಫ್ ಪಡೆ ಬಂತು. ಮಳೆ ಬಂಡೆಯ ಬುಡದ ಮಣ್ಣನ್ನು ತೊಳೆದಿತ್ತು. ಆ ಮಣ್ಣನ್ನು ಹಿಡಿದಿಡುವ ಬೇರುಗಳ ಬಗ್ಗೆ ಅವತ್ತಿನ ಗದ್ದಲದಲ್ಲಿ ಯಾರೂ ಮಾತಾಡಲಿಲ್ಲ.

ಮಡ್ಡಿಯಿಂದ ಇಳಿದರೆ ಎರಿಭೂಮಿ, ನದಿದಂಡೆ, ಕಬ್ಬು. ಕಬ್ಬಿಗೆ ಬೇಕಾದ ನೀರು 1,500ರಿಂದ 2,500 ಮಿ.ಮೀ.; ಇಲ್ಲಿ ಬೀಳುವ ಮಳೆ ಅದರ ಅರ್ಧಕ್ಕೂ ಸಾಲದು. ಜೋಳ ಉಳಿಸಲೆಂದು ತೋಡಿದ ಕಾಲುವೆಯ ಮೇಲೆ ಈ ಬೆಳೆಯ ಭಾರ ಹೇರಿದ್ದೇವೆ. ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಕಾರ್ಖಾನೆ, ಗೋಕಾಕದ ಘಟಪ್ರಭಾ ಸಹಕಾರಿ ಕಾರ್ಖಾನೆಗಳು ಈ ಸೀಮೆಯ ರೈತನಿಗೆ ಮೊದಲ ಸಲ ಕೈತುಂಬ ರೊಕ್ಕ ತೋರಿಸಿದವು. ಆಮೇಲೆ ಖಾಸಗಿ ಕಾರ್ಖಾನೆಗಳು ಬಂದವು. ರೈತ ಕಬ್ಬು ಹಚ್ಚಿದ್ದು ದುರಾಸೆಯಿಂದ ಅಲ್ಲ. ಸರ್ಕಾರ ಬೆಲೆ ಕಟ್ಟುವ, ಕಾರ್ಖಾನೆ ಬಾಗಿಲಿಗೆ ಬಂದು ಒಯ್ಯುವ, ಸೊಸೈಟಿ ಸಾಲ ಕೊಡುವ ಬೆಳೆ ಇದೊಂದೇ. ಆ ಬೆಲೆಗೂ ಅವನು 2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಹಗಲುರಾತ್ರಿ ಕೂರಬೇಕಾಯಿತು. ಟನ್ನಿಗೆ 3,500 ರೂಪಾಯಿ ಕೇಳಿ 3,300ಕ್ಕೆ ಒಪ್ಪಬೇಕಾಯಿತು. ಜೋಳ, ಕಡಲೆ, ಕುಸುಬಿಗೆ ಇಷ್ಟೇ ಭರವಸೆಯ ಬೆಲೆ, ಇಷ್ಟೇ ಸಲೀಸಾದ ಮಾರುಕಟ್ಟೆ ಇದ್ದಿದ್ದರೆ ಈ ಕೊಳ್ಳದ ಚಿತ್ರ ಬೇರೆಯಾಗಿರುತ್ತಿತ್ತು.

ನೀರು ಹೆಚ್ಚಾದ ಎರಿಭೂಮಿ ತಾನೂ ಕೆಟ್ಟಿತು. ಎಡದಂಡೆ ಕಾಲುವೆಯ ಕೆಳಗೆ ಸವಳು-ಜವಳು ಬಿದ್ದ ಹೊಲಗಳನ್ನು ನೋಡದ ರೈತ ಇಲ್ಲಿ ಇರಲಾರ. ಬೇಸಿಗೆಯಲ್ಲಿ ಬಿಳಿ ಉಪ್ಪು ಮೇಲೆದ್ದ, ಮಳೆಗಾಲದಲ್ಲಿ ಕಾಲಿಟ್ಟರೆ ಹೂತುಹೋಗುವ ನೆಲ. ಮೇಲಿನವರಿಗೆ ನೀರು ಹೆಚ್ಚಾಗಿ ಭೂಮಿ ಸವಳಾದರೆ, ಕಾಲುವೆಯ ಕೊನೆಯ ಊರುಗಳಲ್ಲಿ ನೀರಿಗಾಗಿ ಹೋರಾಟ.

ನದಿದಂಡೆಯಲ್ಲಿ ಹೊಂಗೆ, ನೇರಳೆ, ಹೊಳೆಮತ್ತಿ, ಲಕ್ಕಿ ಗಿಡಗಳ ಸಾಲಿತ್ತು. ಉಳುಮೆ ನೀರಿನ ಅಂಚಿಗೇ ಹೋಯಿತು. ಪಂಪಿನ ಮನೆಗೆ, ಪೈಪಿಗೆ, ಇಟ್ಟಂಗಿ ಭಟ್ಟಿಯ ಮಣ್ಣಿಗೆ, ಉಸುಕಿನ ಲಾರಿ ಇಳಿಯುವ ದಾರಿಗೆ ಆ ಸಾಲು ಹೋಯಿತು. ಪೂರ ಬಂದಾಗ ಮೊದಲು ಕುಸಿಯುವುದು ಈ ಬೆತ್ತಲೆ ದಂಡೆ. ರೈತನ ಹತ್ತು ಗುಂಟೆ ಒಂದೇ ರಾತ್ರಿಗೆ ಹೊಳೆಯ ಪಾಲಾಗುತ್ತದೆ. ಪರಿಹಾರದ ಅರ್ಜಿಯಲ್ಲಿ ಬೆಳೆನಷ್ಟಕ್ಕೆ ಕಾಲಂ ಇರುತ್ತದೆ, ಹೋದ ಭೂಮಿಯನ್ನು ತಂದುಕೊಡುವವರಿಲ್ಲ.

ಹಾಗಾದರೆ ಏನು ಮಾಡಬೇಕು ಎಂದು ನೀವು ಕೇಳುತ್ತೀರಿ. ಗಿಡ ನೆಡೋಣ ಎಂಬ ಉತ್ತರ ಸುಲಭ. ಮಡ್ಡಿಯ ಮೇಲೆ ಯಂತ್ರದಿಂದ ಸಾಲುಗುಂಡಿ ತೋಡಿ ನೀಲಗಿರಿ, ಅಕೇಶಿಯಾ ನೆಡುವುದನ್ನು ನಾನು ವಿರೋಧಿಸುತ್ತೇನೆ. ಇದ್ದ ಹುಲ್ಲನ್ನೂ ಅದು ಕೀಳುತ್ತದೆ, ಇದ್ದ ತೇವವನ್ನೂ ಹೀರುತ್ತದೆ. ಮಡ್ಡಿಗೆ ಬೇಕಾದದ್ದು ಬಿಡುವು. ಸರದಿಯಂತೆ ಎರಡು ಮಳೆಗಾಲ ಮೇವು ನಿಲ್ಲಿಸಿ, ಕುರಿಗಾಹಿಗಳಿಗೆ ಆ ಅವಧಿಗೆ ಬೇರೆ ಕಡೆ ಮೇವಿನ ಹಕ್ಕು ಕೊಟ್ಟು, ಬೆಂಕಿ ಬೀಳದಂತೆ ನೋಡಿಕೊಂಡರೆ ಬೇರಿನಲ್ಲಿ ಜೀವವಿರುವ ತುಗ್ಗಲಿ, ದಿಂಡಲು ಮತ್ತೆ ಚಿಗುರುತ್ತವೆ. ಈ ನಿರ್ಧಾರದಲ್ಲಿ ಕುರುಬರು ಮೊದಲ ಸಾಲಿನಲ್ಲಿ ಕೂರಬೇಕು. ಅರಣ್ಯ ಇಲಾಖೆಯೊಂದೇ ಬೇಲಿ ಹಾಕಿ ಮಾಡುವ ಕೆಲಸವಲ್ಲ ಇದು.

ದಂಡೆಯ ವಿಷಯದಲ್ಲಿ ಸಕ್ಕರೆ ಕಾರ್ಖಾನೆಗಳ ಮೇಲೆ ಒಂದು ಹೊಣೆ ಇದೆ. ಪ್ರತಿ ಹಂಗಾಮಿನಲ್ಲೂ ಕಾರ್ಖಾನೆಯವರು ಹೊಲ ಹೊಲಕ್ಕೆ ಬಂದು ಸರ್ವೆ ನಂಬರ್ ಸಹಿತ ಕಬ್ಬು ನೋಂದಾಯಿಸಿಕೊಳ್ಳುತ್ತಾರೆ. ಹೊಳೆ, ಹಳ್ಳದ ಅಂಚಿನ ಒಂದು ಪಟ್ಟಿಯಲ್ಲಿ ಕಬ್ಬಿನ ಬದಲು ಬಿದಿರು, ಹೊಂಗೆ, ನೇರಳೆ ಬೆಳೆಸಿದ ರೈತನಿಗೆ ಟನ್ನಿನ ಮೇಲೆ ಸ್ವಲ್ಪ ಹೆಚ್ಚಿನ ದರ ಕೊಡಲು ಅವರಿಗೆ ಹೊಸ ಕಾನೂನು ಬೇಕಿಲ್ಲ, ಮನಸ್ಸು ಬೇಕು. ಧುಪದಾಳದ ನೀರಿನಿಂದ ನಡೆಯುವ ಉದ್ಯಮಕ್ಕೆ ಧುಪದಾಳದ ಹೂಳಿನ ಖರ್ಚಿನಲ್ಲೂ ಪಾಲಿದೆ. ಅಂಬೋಲಿ, ಚಂದಗಡದ ಬೆಟ್ಟಗಳನ್ನು ಕುರಿತು ಎರಡು ರಾಜ್ಯಗಳು ಆಣೆಕಟ್ಟಿನ ಗೇಟುಗಳ ಆಚೆಗೂ ಮಾತಾಡಬೇಕು. ಗಡಿಯ ಜಗಳ ಏನೇ ಇರಲಿ, ಹಿರಣ್ಯಕೇಶಿಯ ಕಾಡು ಉಳಿಸುವುದರಲ್ಲಿ ಗಡಹಿಂಗ್ಲಜದ ರೈತನದೂ ಸಂಕೇಶ್ವರದ ರೈತನದೂ ಹಿತ ಒಂದೇ.

ಇದೆಲ್ಲ ಬೆಂಗಳೂರು, ಮುಂಬೈಗಳಿಂದ ಬರಲಿ ಎಂದು ಕೂರುವುದು ಬೇಡ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯ್ತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಹುಲ್ಲು, ಪ್ರಾಣಿ, ಕೆರೆ, ಹಳ್ಳಗಳ ದಾಖಲೆ ಇರಬೇಕು. ನಿಮ್ಮ ಪಂಚಾಯ್ತಿಯಲ್ಲಿ ಆ ದಾಖಲೆಯನ್ನು ತೆರೆದು ನೋಡಿ. ಅದರಲ್ಲಿ ನಿಮ್ಮ ಮಡ್ಡಿಯ ಹೆಸರಿದೆಯೇ, ಅಲ್ಲಿನ ಗಿಡಗಳ ಹೆಸರಿದೆಯೇ ಎಂದು ಕೇಳಿ. ಇಲ್ಲದಿದ್ದರೆ ಊರಿನ ಹಿರಿಯರನ್ನು, ಕುರಿಗಾಹಿಗಳನ್ನು, ನಾಟಿವೈದ್ಯರನ್ನು ಕೂರಿಸಿಕೊಂಡು ಶಾಲೆಯ ಮಕ್ಕಳಿಂದಲೇ ಬರೆಸಿ. ಕಂದಾಯ ನಕ್ಷೆಯಲ್ಲಿ ಹಳ್ಳಗಳು ‘ಬ’ ಖರಾಬು, ಎಂದರೆ ಸಾರ್ವಜನಿಕರದು. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು, ನಮ್ಮೂರ ಹಳ್ಳದ ಹದ್ದುಬಸ್ತು ಮಾಡಿ ಕಲ್ಲು ನೆಡಿಸಿ ಎಂದು ಠರಾವು ಮಾಡಿಸಿ. ಅದರ ನಕಲನ್ನು ತಹಶೀಲ್ದಾರರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಈ ಸಲದ ಮುಂಗಾರಿಗೆ ಮುಂಚೆ ಮೂರು ತಾಲ್ಲೂಕುಗಳ ಪ್ರತಿ ಪಂಚಾಯ್ತಿಯಿಂದಲೂ ಇಂಥದೊಂದು ಠರಾವು ಹೊರಡಲಿ ಎಂದು ಈ ವೇದಿಕೆಯಿಂದ ಕೈಮುಗಿದು ಕೇಳಿಕೊಳ್ಳುತ್ತೇನೆ.